ದೆಶಾನನ ತಾತನ ಮಹಡಿಮನೆ

ಬೀಗರಾಗುವವರ ಮನೆಯಲ್ಲಿ ಬಾಯಿ ತೆರೆಯುವ ಮೊದಲು ಹೆಂಡತಿಯ ಮುಖ ನೋಡಿಕೊಳ್ಳಬೇಕು. ಇದು ಲಿಯಾವ್ ದೆಶಾನನಿಗೆ ಗೊತ್ತಿರದ ಸಂಗತಿಯೇನಲ್ಲ. ಆದರೆ ಆ ಭಾನುವಾರ ಅವನು ನೋಡುತ್ತಿದ್ದದ್ದು ಗೋಡೆಯನ್ನು.

ಗೋಡೆಯ ಮೇಲೆ ಕಾವ್ ಮನೆತನದ ಹಳೆಯ ಮನೆಯ ಫೋಟೋ ತೂಗುತ್ತಿತ್ತು. ಸಕ್ಕರೆ ವ್ಯಾಪಾರದ ಕಾಲದ ಮನೆ. ಮುಂದೆ ಮರದ ಕಂಬಗಳು, ಕಂಬಗಳ ಮುಂದೆ ಕಾವ್ ಹಿರಿಯರು. ಫೋಟೋ ತೆಗೆಯುವವನನ್ನು ಕೆಲಸದಿಂದ ಕಿತ್ತುಹಾಕಲು ಬಂದವರ ಹಾಗೆ ಎಲ್ಲರೂ ಬಿಗಿಯಾಗಿ ನಿಂತಿದ್ದರು.

“ಈ ಮನೆ ಇದ್ದದ್ದು ಈಗಿನ ಬ್ಯಾಂಕಿನ ಎಡಗಡೆ ಮೂಲೇಲಿ,” ಎಂದರು ಕಾವ್ ಮೇಷ್ಟ್ರು. “ಬ್ಯಾಂಕಿನ ಮುಂದೆ ದೊಡ್ಡ ಆಲದ ಮರ ಇದೆಯಲ್ಲ, ಫೋಟೋದಲ್ಲಿ ನೋಡಿ, ಅದು ನಮ್ಮ ಚಿಕ್ಕತಾತನ ಮೊಣಕಾಲಿಗೆ ಬರ್ತಿದೆ.”

ಕಾವ್ ಮೇಷ್ಟ್ರು ತೈನಾನ್ ಪಟ್ಟಣದಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಆಮೇಲೆ ಅವರು ಹಿಡಿದ ಕೆಲಸ ಒಂದೇ. ಊರಿನ ಹಳೇ ಫೋಟೋಗಳನ್ನು ಕೂಡಿಹಾಕಿ, ಅದರಲ್ಲಿ ಕಾಣುವ ಬೀದಿ, ಸೇತುವೆ, ಮನೆ ಇವತ್ತು ಎಲ್ಲಿ ಬರುತ್ತದೆ ಎಂದು ಪತ್ತೆ ಹಚ್ಚುವುದು. ಇದಕ್ಕಾಗಿ ಮೊಬೈಲಿನಲ್ಲಿ ‘ಹಳೇ ತೈನಾನ್ ಎಲ್ಲಿದೆ?’ ಎಂಬ ಗುಂಪು ಕಟ್ಟಿದ್ದರು. ಅದರಲ್ಲಿ ಅರ್ಧ ಊರೇ ಇತ್ತು. ಬೆಳಿಗ್ಗೆ ಒಂದು ಫೋಟೋ ಹಾಕಿದರೆ ಸಂಜೆಯೊಳಗೆ ಒಂದು ಜಾಗ ಸಿಗುತ್ತಿತ್ತು, ಒಂದು ಸ್ನೇಹ ಮುರಿಯುತ್ತಿತ್ತು.

ದೆಶಾನ ಬಂದದ್ದು ಇದನ್ನೆಲ್ಲ ಕೇಳುವುದಕ್ಕಲ್ಲ. ಅವನ ಮಗಳು ಪೇಯಿಂಗ್‌ಳನ್ನು ಮೇಷ್ಟರ ಮಗ ಹಾವ್‌ಯೂ ಮೆಚ್ಚಿದ್ದ, ಅವಳೂ ಮೆಚ್ಚಿದ್ದಳು. ನಿಶ್ಚಿತಾರ್ಥದ ಮಾತು ಆಡಿ, ಹಣ್ಣು ತಿಂದು ಎದ್ದು ಬರಬೇಕಿತ್ತು ಅಷ್ಟೆ. ಆದರೆ ಮೇಷ್ಟ್ರು ಒಂದೊಂದೇ ಕಂಬದ ಚರಿತ್ರೆ ಹೇಳುತ್ತಾ ಹೋದಂತೆ ದೆಶಾನನ ಎದೆಯೊಳಗೆ ಏನೋ ಕುರುಕುರು ಎನ್ನತೊಡಗಿತು. ಅವನದು ಕಾಲುವೆ ಬೀದಿಯಲ್ಲಿ ಕನ್ನಡಕದ ಅಂಗಡಿ. ಇಡೀ ದಿನ ಊರಿನವರಿಗೆ ಕಣ್ಣು ಕಾಣಿಸುವಂತೆ ಮಾಡುವವನಿಗೆ, ತಾನು ಯಾರ ಕಣ್ಣಿಗೂ ಕಾಣುತ್ತಿಲ್ಲ ಎನ್ನಿಸುವುದು ಕಷ್ಟವೇ.

“ನಮ್ದೂ ಇತ್ತು,” ಎಂದುಬಿಟ್ಟ.

ಮೇಜಿನ ಕೆಳಗೆ ಹೆಂಡತಿ ಯೂಜು ಒದ್ದಳು. ಒದೆ ಬಿದ್ದದ್ದು ಹಾವ್‌ಯೂನ ಕಾಲಿಗೆ. ಅವನು ಮರ್ಯಾದಸ್ಥ ಹುಡುಗ, ಸುಮ್ಮನೆ ಮುಗುಳ್ನಕ್ಕ.

“ಏನಿತ್ತು ಬೀಗರೇ?”

“ಮಹಡಿಮನೆ. ನಮ್ಮ ತಾತಂದು. ಫೋಟೋ ಇದೆ.”

ಸುಳ್ಳಲ್ಲ, ಫೋಟೋ ಇತ್ತು. ಅಪ್ಪ ತೀರಿಕೊಂಡ ಮೇಲೆ ಅವನ ಬಟ್ಟೆಯ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ್ದು. ಎರಡು ಅಂತಸ್ತಿನ ಮನೆ, ದೋಣಿಯ ಹಾಗೆ ಎರಡೂ ತುದಿ ಮೇಲೆದ್ದ ಮಾಡು, ಮಹಡಿಯ ಕಟಾಂಜನದ ಹಿಂದೆ ಒಬ್ಬ ಹೆಂಗಸು, ಬಾಗಿಲ ಎಡಬಲಕ್ಕೆ ಇಬ್ಬರು ಆಳುಗಳು, ಮುಂದೆ ಒಂದು ಕಾರು. ಮೂಲೆಯಲ್ಲಿ ಒಂದು ಕಲ್ಲಿನ ಸಿಂಹವೂ ಇತ್ತು. ನಾಲ್ಕೂ ಅಂಚು ಕತ್ತರಿಸಿಹೋಗಿತ್ತು, ಹುಳು ತಿಂದಿತ್ತು, ಚಿತ್ರ ಮಸುಕು ಮಸುಕು. ಹಿಂದುಗಡೆ ಮಾತ್ರ ಸ್ಟುಡಿಯೋದವನ ಕೈಬರಹ ಸ್ಪಷ್ಟವಾಗಿತ್ತು: ‘ಲಿಯಾವ್ ಅವರ ಹೊಸ ಮನೆ.’ ದೆಶಾನ ಅದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದ. ತೆಗೆದು ತೋರಿಸಿದ.

ಮೇಷ್ಟ್ರು ನೋಡಿ “ಓಹೋ!” ಎಂದರು. ಮೊಬೈಲು ಅವರ ತಾಯಿಯ ಕೈಗೆ ಹೋಯಿತು. ಕಾವ್ ಅಜ್ಜಿಗೆ ತೊಂಬತ್ತರ ಹತ್ತಿರ. ಕಲ್ಲಂಗಡಿ ಬೀಜ ಕಚ್ಚುತ್ತಿದ್ದವರು ಕಚ್ಚುವುದನ್ನು ನಿಲ್ಲಿಸಿದರು. ಚಿತ್ರವನ್ನು ನೋಡಿದರು, ದೆಶಾನನನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು.

“ಹೇಗಿದೆ ಅಮ್ಮ?”

“ಕೆಲಸ ಬಹಳ ಚೆನ್ನಾಗಿದೆ,” ಎಂದರು ಅಜ್ಜಿ. “ಇಂಥ ಕೈಕೆಲಸ ಈಗ ಸಿಗಲ್ಲ.” ಆಮೇಲೆ ಮೊಬೈಲನ್ನು ಮಗುಚಿ ಇಟ್ಟು, “ಹಣ್ಣು ತಗೊಳ್ಳಿ, ಹಣ್ಣು ತಗೊಳ್ಳಿ,” ಎಂದು ಇಡೀ ತಟ್ಟೆಯನ್ನು ದೆಶಾನನ ಮುಂದೆ ತಳ್ಳಿದರು.

ಸಕ್ಕರೆ ವ್ಯಾಪಾರಿಗಳ ಸೊಸೆ ತನ್ನ ತಾತನ ವೈಭವಕ್ಕೆ ಮೂಕಳಾದಳು ಎಂದು ದೆಶಾನ ತಿಳಿದ. ಆ ಸಂತೋಷದಲ್ಲಿ ಎರಡು ಪೇರಲೆ ಹೆಚ್ಚಿಗೆ ತಿಂದ.

“ಎಲ್ಲಿತ್ತು ಬೀಗರೇ ಇದು?” ಮೇಷ್ಟರ ಕಣ್ಣಲ್ಲಿ ಆಗಲೇ ಬೇಟೆಯ ಹೊಳಪು ಬಂದಿತ್ತು.

“ಅದು... ದೇವಸ್ಥಾನದ ಹಿಂದೆ.”

ತೈನಾನಿನಲ್ಲಿ ‘ದೇವಸ್ಥಾನದ ಹಿಂದೆ’ ಎನ್ನುವುದು ಮೀನಿನ ಪೇಟೆಯಲ್ಲಿ ‘ಮೀನಿನ ಪಕ್ಕ’ ಎಂದ ಹಾಗೆ. ಮೇಷ್ಟ್ರು ಅದಕ್ಕೂ ಹೆದರಲಿಲ್ಲ. “ನಿಶ್ಚಿತಾರ್ಥದ ಹೊತ್ತಿಗೆ ಜಾಗ ಪತ್ತೆ ಮಾಡಿಯೇ ತೀರೋಣ. ಅವತ್ತು ನೆಂಟರಿಗೆ ಹಂಚೋ ಮದುವೆ ಕೇಕಿನ ಪೆಟ್ಟಿಗೆ ಗಂಡಿನ ಕಡೆಯಾದ ನಮ್ಮದು ತಾನೇ? ಒಂದು ಮಗ್ಗುಲಿಗೆ ನಮ್ಮ ಮನೆ, ಇನ್ನೊಂದು ಮಗ್ಗುಲಿಗೆ ನಿಮ್ಮ ಮನೆ. ಕೆಳಗೆ ಈಗಿನ ವಿಳಾಸ. ಏನಂತೀರಿ?”

ದೆಶಾನ ಬೇಡ ಎನ್ನಲು ಬಾಯಿ ತೆರೆದ. ಬಾಯಲ್ಲಿ ಪೇರಲೆ ಇತ್ತು. ತಲೆಯಾಡಿಸಿದ. ಅದು ಹೌದಾಯಿತು.

ಮನೆಗೆ ಬಂದು ಸ್ಕೂಟರು ನಿಲ್ಲಿಸುವ ಮೊದಲೇ ಯೂಜು ಶುರುಮಾಡಿದಳು. “ರೀ, ನಿಮ್ಮ ತಾತ ಕಾಲುವೆ ದಡದಲ್ಲಿ ಮೂಟೆ ಹೊರ್ತಿದ್ರು ಅಂತ ನಿಮ್ಮಪ್ಪನೇ ನನಗೆ ಹೇಳಿದ್ರು.”

“ಮೂಟೆ ಹೊತ್ತೇ ಕಟ್ಟಿರಬಹುದು.”

“ಮಹಡಿಮನೆ? ಕಾರು? ಇಬ್ಬರು ಆಳು? ಏನು ಮೂಟೆ ಹೊತ್ರು, ಮುತ್ತಿಂದಾ?”

ಪೇಯಿಂಗ್ ಅಮ್ಮನ ಹಾಗೆ ಕೂಗಾಡಲಿಲ್ಲ. ಅದೇ ಹೆಚ್ಚು ಹೆದರಿಕೆಯ ವಿಷಯ. “ಅಪ್ಪ, ಅವರ ಮನೇಲಿ ನನ್ನನ್ನ ಯಾರೂ ಮನೆತನ ಕೇಳಿರಲಿಲ್ಲ. ಕನ್ನಡಕದ ಅಂಗಡಿಯವರ ಮಗಳು ಅಂತಾನೇ ಒಪ್ಪಿದ್ರು. ಈಗ ನೀನು ಮನೆ ಇದೆ ಅಂದಿದ್ದೀಯ. ಇದ್ರೆ ಹುಡುಕು. ಇಲ್ದಿದ್ರೆ ಇವತ್ತೇ ಹೇಳು. ಉಂಗುರ ಹಾಕಿಸ್ಕೊಳ್ಳೋ ದಿನ ಸುಳ್ಳುಗಾರನ ಮಗಳು ಅನ್ನಿಸ್ಕೊಂಡು ನಾನು ಆ ಹೆಣ್ಣಿನ ಕುರ್ಚಿ ಮೇಲೆ ಕೂರಲ್ಲ. ಎದ್ದು ಬರ್ತೀನಿ.”

“ಸಿಗುತ್ತೆ ಮಗಳೇ,” ಎಂದ ದೆಶಾನ. “ಮನೆ ಅಂದ್ರೆ ಏನು ಕೊಡೆಯೇ, ಎಲ್ಲೋ ಮರೆತು ಬರೋಕೆ?”

ಮರುದಿನದಿಂದ ಅವನು ಅಂಗಡಿಯ ದೊಡ್ಡ ಭೂತಗನ್ನಡಿ ಹಿಡಿದು ಫೋಟೋದ ಮೇಲೆ ಬಾಗಿದ. ಗಿರಾಕಿಗಳು ಬಂದರೆ ಅಕ್ಷರದ ಹಲಗೆಯ ಮುಂದೆ ನಿಲ್ಲಿಸಿ, “ಓದ್ತಾ ಇರಿ,” ಎಂದು ಹೇಳಿ ಮರೆಯುತ್ತಿದ್ದ. ಎಷ್ಟೋ ಜನ ಹಲಗೆಯನ್ನು ಬಾಯಿಪಾಠ ಮಾಡಿಕೊಂಡು ಮನೆಗೆ ಹೋದರು.

ಅವನ ವಿಧಾನ ಪೂರಾ ಶಾಸ್ತ್ರೀಯವಾಗಿತ್ತು. ಬಾಗಿಲು ಆಳೆತ್ತರಕ್ಕಿಂತ ತುಸು ಹೆಚ್ಚು ಎಂದು ಹಿಡಿದ. ಆ ಅಳತೆಯಲ್ಲಿ ಸಿಂಹ ಬಾಗಿಲಿನ ಮುಕ್ಕಾಲಿಗೆ ಬಂತು. ಭಾರಿ ಸಿಂಹ, ಆದರೂ ಇರಬಹುದು. ತೊಂದರೆ ಕೊಟ್ಟದ್ದು ಒಂದು ಎಲೆ. ಮಾಡಿನ ಮೇಲೆ ಒಂದು ಆಲದ ಎಲೆ ಉದುರಿ ಬಿದ್ದಿತ್ತು. ಅದೇ ಅಳತೆಯಲ್ಲಿ ಆ ಎಲೆ ಒಂದು ತಲೆದಿಂಬಿನಷ್ಟಾಗುತ್ತಿತ್ತು. ದೆಶಾನ ಮತ್ತೆ ಅಳೆದ. ಮತ್ತೆ ದಿಂಬೇ ಬಂತು. ವಿಜ್ಞಾನದಲ್ಲಿ ಇಂಥ ಗಳಿಗೆ ಬರುವುದುಂಟು. ಲೆಕ್ಕ ಸರಿಯಿರುತ್ತದೆ, ಉತ್ತರ ಅಸಾಧ್ಯವಾಗಿರುತ್ತದೆ. ಆಗ ಮೊದಲು ಹಿಡಿದ ಊಹೆಯನ್ನು ಕೈಬಿಡಬೇಕು ಎಂದು ಬಲ್ಲವರು ಹೇಳುತ್ತಾರೆ. ದೆಶಾನ ಎಲೆಯನ್ನು ಕೈಬಿಟ್ಟ.

ಅಷ್ಟರಲ್ಲಿ ಮೇಷ್ಟ್ರು ಫೋಟೋವನ್ನು ಗುಂಪಿಗೆ ಹಾಕಿದ್ದರು: ‘ನಮ್ಮ ಬೀಗರ ತಾತನ ಮನೆ. ದೇವಸ್ಥಾನದ ಹಿಂದೆ. ಬಾಗಿಲಲ್ಲಿ ಕಲ್ಲಿನ ಸಿಂಹ. ಯಾರಿಗಾದರೂ ನೆನಪಿದೆಯೇ?’

ಯಾರಿಗಾದರೂ ನೆನಪಿದೆಯೇ ಎಂದು ಕೇಳುವುದು ಅಪಾಯಕಾರಿ ಪ್ರಶ್ನೆ. ನೆನಪಿಲ್ಲ ಎನ್ನಲು ಯಾರಿಗೂ ಮನಸ್ಸಾಗುವುದಿಲ್ಲ. ಮಧ್ಯಾಹ್ನದೊಳಗೆ ಪಕ್ಕದ ಅಂಗಡಿಯ ಹಜಾಮ ಮುದುಕ ಲೈ ಭೂತಗನ್ನಡಿ ಕಸಿದುಕೊಂಡು ಕೂತಿದ್ದ.

“ಅಯ್ಯೋ, ಈ ಸಿಂಹ! ಇದರ ಬೆನ್ನ ಮೇಲೆ ಕೂತು ನಾನು ಕುದುರೆ ಆಟ ಆಡ್ತಿದ್ದೆ.”

“ನಿಜವಾಗ್ಲೂ ಲೈ ಅಣ್ಣ?”

“ಚಳಿಗಾಲದಲ್ಲಿ ಕಲ್ಲು ತಣ್ಣಗೆ ಕೊರೆಯೋದು ಕಣೋ, ಇನ್ನೂ ನೆನಪಿದೆ,” ಎಂದು ಲೈ ಕೂತಲ್ಲೇ ಒಮ್ಮೆ ಸರಿದುಕೊಂಡ. “ಈ ಆಳುಗಳು ನೋಡು, ಇಬ್ಬರದೂ ಒಂದೇ ಮುಖ.”

ದೆಶಾನ ನೋಡಿದ. ಹೌದು, ಒಂದೇ ಮುಖ. ಒಂದೇ ಕಣ್ಣು, ಒಂದೇ ಮೂಗು, ಒಂದೇ ಗಂಭೀರತೆ.

“ಅವಳಿ ಜವಳಿ,” ಎಂದು ಲೈ ತೀರ್ಪು ಕೊಟ್ಟ. “ದೊಡ್ಡ ಮನೆಯೋರು ಬಾಗಿಲಿಗೆ ಜೋಡಿ ಆಗ್ಲಿ ಅಂತ ಅವಳಿಗಳನ್ನೇ ಹುಡುಕಿ ಇಟ್ಕೊಳ್ತಿದ್ರು. ಇವರ ತಲೆ ಕ್ಷೌರ ಮಾಡಿದ್ದು ನಮ್ಮಪ್ಪನೇ.”

ಗುಂಪಿನಲ್ಲಿ ಒಬ್ಬರಿಗೆ ಕಾರಿನ ಹಾರನ್ ಸದ್ದು ನೆನಪಾಯಿತು. ಇನ್ನೊಬ್ಬರಿಗೆ ಮಹಡಿಯ ಮೇಲಿನ ಹೆಂಗಸು ತನ್ನ ಚಿಕ್ಕಮ್ಮನಿಗೆ ಬಾಳೆಹಣ್ಣು ಕೊಟ್ಟದ್ದು ನೆನಪಾಯಿತು. ಯಾರೋ ಆ ಮನೆಯ ಅಡಿಗೆಯ ಘಮವನ್ನೂ ವರ್ಣಿಸಿದರು. ದೆಶಾನ ಒಂದೊಂದನ್ನೂ ಓದುತ್ತಾ ಕಣ್ಣೊರೆಸಿಕೊಂಡ. ಇಂಥ ಮನೆಯಲ್ಲಿ ತಾನೇಕೆ ಹುಟ್ಟಲಿಲ್ಲ?

ಎದುರುಗಡೆ ಸೋಯಾ ಹಾಲಿನ ಸಿಹಿ ತೋಫು ಮಾರುವ ಚುನ್ ಅಕ್ಕ ಒಬ್ಬಳು ಮಾತ್ರ ವಿಚಿತ್ರವಾಗಿ ನಡೆದುಕೊಂಡಳು. ದೆಶಾನ ಫೋಟೋ ತೋರಿಸಿದಾಗ ಸೌಟು ಕೆಳಗಿಟ್ಟು ಕೇಳಿದಳು: “ಮಗಳ ನಿಶ್ಚಿತಾರ್ಥ ಯಾವಾಗ?”

“ಮುಂದಿನ ತಿಂಗಳು.”

“ಹಾಗಾದ್ರೆ ನನ್ನ ಏನೂ ಕೇಳ್ಬೇಡ. ನಾನು ಏನೂ ನೋಡಿಲ್ಲ, ಏನೂ ಹೇಳಿಲ್ಲ. ತಗೋ, ತಿನ್ನು,” ಎಂದು ಒಂದು ಬಟ್ಟಲು ತೋಫು ಕೈಗಿಟ್ಟು ಒಳಗೆ ಹೋದಳು.

“ಹೊಟ್ಟೆಕಿಚ್ಚು,” ಎಂದ ಲೈ. ದೆಶಾನ ಒಪ್ಪಿದ. ತೋಫು ಚೆನ್ನಾಗಿತ್ತು.

ಮೂರನೆಯ ವಾರ ವಾರ್ಡಿನ ಮುಖಂಡ ತು ಎಂಬವನು ರಂಗಕ್ಕಿಳಿದ. ತು ಚುನಾವಣೆಗೆ ಮುಂಚೆ ಎಲ್ಲರ ಮನೆಯ ಅಜ್ಜಿಯರ ಹುಟ್ಟಿದ ದಿನ ನೆನಪಿಟ್ಟುಕೊಳ್ಳುವ ಮನುಷ್ಯ. ಕಡಲಮ್ಮನ ಗುಡಿಯ ಹಿತ್ತಲಲ್ಲಿ, ಈಗ ಸ್ಕೂಟರು ನಿಲ್ಲಿಸುವ ಬಯಲಿನ ಪಕ್ಕ, ಪೊದೆಯೊಳಗಿಂದ ಅವನು ಒಂದು ಕಲ್ಲು ಎಳೆಸಿದ. ಅದು ಯಾವುದೋ ಪ್ರಾಣಿಯ ಹಿಂಭಾಗವಾಗಿತ್ತು.

“ಸಿಂಹದ ಅಂಡು!” ಎಂದು ಘೋಷಿಸಿದ.

ಮೇಷ್ಟ್ರು ಟೇಪು ಹಿಡಿದರು. ದೆಶಾನ ಭೂತಗನ್ನಡಿ ಹಿಡಿದ. ಲೈಯನ್ನು ಅದರ ಮೇಲೆ ಕೂರಿಸಿ ಪರೀಕ್ಷಿಸಲಾಯಿತು.

“ಇದೇ,” ಎಂದ ಲೈ ಕಣ್ಣು ಮುಚ್ಚಿಕೊಂಡು. “ಅದೇ ತಂಪು.”

ಮಸುಕಾದ ಫೋಟೋದಲ್ಲಿ ಸಿಂಹದ ಮುಂಭಾಗ ಮಾತ್ರ ಕಾಣುತ್ತಿತ್ತು, ಕಲ್ಲಿನಲ್ಲಿ ಹಿಂಭಾಗ ಮಾತ್ರ ಉಳಿದಿತ್ತು. ಎರಡಕ್ಕೂ ಒಂದಿಷ್ಟೂ ವಿರೋಧವಿಲ್ಲ ಎಂಬುದನ್ನು ಮೇಷ್ಟ್ರು ತಮ್ಮ ಲೇಖನದಲ್ಲಿ ಬಲವಾದ ಸಾಕ್ಷ್ಯವೆಂದು ಬರೆದರು. ಜೊತೆಗೆ ನಕ್ಷೆ, ಬಾಣದ ಗುರುತು, ಸೂರ್ಯನ ದಿಕ್ಕು. ಎಲೆಯ ವಿಷಯ ದೆಶಾನ ಮೆಲ್ಲಗೆ ಎತ್ತಿದಾಗ, “ಕ್ಯಾಮೆರಾಕ್ಕೆ ಹತ್ತಿರ ಹಾರ್ತಿತ್ತು, ಬಿಡಿ ಬೀಗರೇ,” ಎಂದು ಎಲೆಯನ್ನು ಗಾಳಿಗೆ ತೂರಿಬಿಟ್ಟರು. ಸ್ಕೂಟರು ಬಯಲೇ ಲಿಯಾವ್ ಮಹಡಿಮನೆಯ ಜಾಗ ಎಂದು ನಿಶ್ಚಯವಾಯಿತು. ತು ಅಲ್ಲೊಂದು ಗ್ರಾನೈಟು ಫಲಕ ನೆಡಿಸುವುದಾಗಿ ಸಾರಿದ. ಫಲಕದ ಕರಡಿನಲ್ಲಿ ಮನೆಯ ಹೆಸರಿಗಿಂತ ನೆಡಿಸಿದವನ ಹೆಸರು ದಪ್ಪವಾಗಿತ್ತು.

ಕೇಕಿನ ಪೆಟ್ಟಿಗೆಯ ಮಾದರಿಯೂ ಬಂತು. ಕೆಂಪು ಪೆಟ್ಟಿಗೆ, ಬಂಗಾರದ ಅಂಚು. ಒಂದು ಮಗ್ಗುಲಿಗೆ ಕಾವ್ ಮನೆ, ಇನ್ನೊಂದಕ್ಕೆ ಲಿಯಾವ್ ಮನೆ. ನಿಜ ಹೇಳಬೇಕೆಂದರೆ ಲಿಯಾವ್ ಮನೆಯೇ ಹೆಚ್ಚು ಚೆನ್ನಾಗಿ ಕಾಣುತ್ತಿತ್ತು. ಪೇಯಿಂಗ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ನಿಜವಾಗ್ಲೂ ಸಿಕ್ತಲ್ಲ ಅಪ್ಪ!” ಎಂದಳು. ಅವತ್ತು ದೆಶಾನ ಊಟಕ್ಕೆ ಕೂತಾಗ ಯೂಜು ತಾನಾಗಿಯೇ ಮೀನಿನ ಹೊಟ್ಟೆಯ ಭಾಗ ಅವನ ಬಟ್ಟಲಿಗೆ ಹಾಕಿದಳು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅದು ಬರೆದಿಡುವಂಥ ಘಟನೆ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಹಿರಿಯರಿಗೆ ಖುದ್ದಾಗಿ ಹೋಗಿ ಹೇಳಬೇಕು ಎಂಬ ರೂಢಿ ಇದೆ. ಲಿಯಾವ್ ಮನೆತನದಲ್ಲಿ ಉಳಿದಿದ್ದ ಹಿರಿಯ ತಲೆ ಒಂದೇ, ಜಿಯಾಯಿ ಊರಿನಲ್ಲಿದ್ದ ಸೋದರತ್ತೆ. ದೆಶಾನ ಮಾದರಿ ಪೆಟ್ಟಿಗೆ ಹಿಡಿದು ರೈಲು ಹತ್ತಿದ.

ಅತ್ತೆ ಅಂಗಳದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಪೆಟ್ಟಿಗೆ ಕೈಗೆ ತೆಗೆದುಕೊಂಡಳು. ಆಮೇಲೆ ಚಿತ್ರದ ಮೇಲೆ ಬೆರಳಾಡಿಸಿದಳು.

“ನಮ್ಮಪ್ಪನ ಮನೆ,” ಎಂದಳು.

ದೆಶಾನನಿಗೆ ಕುಣಿಯುವಂತಾಯಿತು. “ನಿನಗೂ ನೆನಪಿದೆಯಾ ಅತ್ತೆ?”

“ನೆನಪಿಲ್ದೆ ಏನು? ಆರು ವರ್ಷ ನನಗೆ. ಎಷ್ಟು ಚೆನ್ನಾಗಿತ್ತು ಗೊತ್ತಾ? ಒಳಗೆ ಮೇಜು, ಮಂಚ, ಟೆಲಿಫೋನು, ಎಲ್ಲಾ.”

“ಕಡಲಮ್ಮನ ಗುಡಿ ಹಿಂದೆ ತಾನೇ ಇದ್ದದ್ದು?”

“ಯಾವ ಗುಡಿ? ನಾವಿದ್ದ ಬಾಡಿಗೆ ಕೋಣೆ ಮುಂದೆ, ಓಣಿಯಲ್ಲಿ. ಎರಡು ಬೆಂಚಿನ ಮೇಲೆ.”

“ಮನೆ... ಬೆಂಚಿನ ಮೇಲೆ?”

“ಮತ್ತೆ ನೆಲದ ಮೇಲೆ ಇಟ್ರೆ ಒದ್ದೆ ಆಗಲ್ವೇನೋ? ಕಾಗದ!”

ದೆಶಾನ ಕೂತಿದ್ದ ಕುರ್ಚಿ ಗಟ್ಟಿಯಾಗಿತ್ತು. ಆದರೂ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಆಮೇಲೆ ಏನಾಯ್ತು ಅತ್ತೆ ಆ ಮನೆ?”

“ಆಮೇಲೇನು, ಸುಟ್ವಿ.” ಅತ್ತೆ ಅವನನ್ನು ಮಂಕನನ್ನು ನೋಡುವ ಹಾಗೆ ನೋಡಿದಳು. “ಲೋ, ಅಪ್ಪ ಸತ್ತಿದ್ದ ಕಣೋ. ಸತ್ತೋರಿಗೆ ಮನೆ ಸುಟ್ಟೇ ಕಳಿಸ್ಬೇಕು, ಇನ್ನೇನು ಲಾರೀಲಿ ಕಳಿಸ್ತಾರಾ? ಬದುಕಿರೋವರೆಗೂ ಒಂದೇ ಕೋಣೇಲಿ ಎಂಟು ಜನ ಮಲಗಿದ್ವಿ. ಅಲ್ಲಾದ್ರೂ ಕಾಲು ಚಾಚಿ ಮಲಗ್ಲಿ ಅಂತ ಅಮ್ಮ ಬಲೆ ಹೆಣೆದು ಹೆಣೆದು ಬೆರಳು ಹರ್ಕೊಂಡು ಇದನ್ನ ಮಾಡಿಸಿದ್ಳು. ಇಡೀ ಕಾಲುವೆ ದಡದಲ್ಲಿ ಅಂಥ ಮನೆ ಯಾರಿಗೂ ಸುಟ್ಟಿರಲಿಲ್ಲ. ಫೋಟೋ ತೆಗೆಸಿದ್ಳು. ಬಿಳಿ ಬಟ್ಟೆ ಹಾಕ್ಕೊಂಡು ನಿಂತಿದ್ದ ನಮ್ಮನ್ನೆಲ್ಲ ಆಮೇಲೆ ಕತ್ತರೀಲಿ ಕತ್ತರಿಸಿ ತೆಗೆದ್ಳು. ಸೂತಕದೋರ ಚಿತ್ರ ಮನೇಲಿ ಇಟ್ಕೋಬಾರದಲ್ಲ.”

“ಆಳುಗಳು?” ದೆಶಾನನ ದನಿ ಬಾವಿಯೊಳಗಿಂದ ಬಂದಂತಿತ್ತು.

“ಕಾಗದ. ಒಂದೇ ಅಚ್ಚು.”

“ಸಿಂಹ?”

“ಯಾವ ಸಿಂಹ?” ಅತ್ತೆ ಪೆಟ್ಟಿಗೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು. “ಅಯ್ಯೋ ಇದು! ಪಕ್ಕದ ಮನೆ ಬೆಕ್ಕು. ಹೆಣದ ಹತ್ರ ಬೆಕ್ಕು ಹೋಗಬಾರದು ಅಂತ ಅದನ್ನ ಹಿಡ್ಕೊಳ್ಳೋ ಕೆಲಸ ನಂದು. ತಪ್ಪಿಸ್ಕೊಂಡು ಹೋಗಿ ಅಲ್ಲಿ ಕೂತ್ಕೊಂಡಿತ್ತು. ನಾನು ಸರಿಯಾಗಿ ಹಿಡ್ಕೊಂಡಿದ್ರೆ ನಿನಗೆ ಸಿಂಹ ಸಿಕ್ತಿರಲಿಲ್ಲ.” ಆಗ ಅವಳ ಕಣ್ಣು ಪೆಟ್ಟಿಗೆಯ ಕೆಂಪು ಬಣ್ಣಕ್ಕೆ, ಬಂಗಾರದ ಅಂಚಿಗೆ, ಮೇಲಿದ್ದ, ಮದುವೆಗೇ ಬರೆಯುವ ಜೋಡಿ ಮಂಗಳದ ಅಕ್ಷರಕ್ಕೆ ಹೋಯಿತು. ಬೆಳ್ಳುಳ್ಳಿ ಬುಟ್ಟಿ ಮಗುಚಿತು. “ಲೋ ದೆಶಾನ! ಇದು ಏನು ಪೆಟ್ಟಿಗೆಯೋ?”

ರೈಲಿನಲ್ಲಿ ವಾಪಸು ಬರುವಾಗ ದೆಶಾನ ಕಿಟಕಿಯ ಆಚೆ ಏನನ್ನೂ ನೋಡಲಿಲ್ಲ. ಆದರೆ ಇಳಿಯುವ ಹೊತ್ತಿಗೆ ಒಂದು ನಿರ್ಧಾರಕ್ಕೆ ಬಂದಿದ್ದ. ನೇರವಾಗಿ ಕಾವ್ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕಾಲಿಗೆ ಬೀಳುವುದು. ಮಗಳು ಎದ್ದು ಬರುವ ಮುಂಚೆ ಅಪ್ಪನೇ ಬಗ್ಗಬೇಕು.

ಮನೆಯಲ್ಲಿ ಕಾವ್ ಅಜ್ಜಿ ಒಬ್ಬರೇ ಇದ್ದರು. ಮೇಷ್ಟ್ರು ಪೆಟ್ಟಿಗೆಗಳನ್ನು ತರಲು ಮುದ್ರಣದವರ ಹತ್ತಿರ ಹೋಗಿದ್ದರು.

“ಅಜ್ಜಿ, ಆ ಫೋಟೋದಲ್ಲಿರೋದು ಮನೆ ಅಲ್ಲ, ಅದು ಸತ್...”

“ಮುಚ್ಚು ಬಾಯಿ!” ತೊಂಬತ್ತರ ಅಜ್ಜಿ ಹೀಗೆ ಗುಡುಗಬಲ್ಲರು ಎಂದು ಅವನಿಗೆ ಗೊತ್ತಿರಲಿಲ್ಲ. “ಶುಭಕಾರ್ಯ ಮುಂದೆ ಇಟ್ಕೊಂಡು ಆ ಮಾತು ಆಡ್ತೀಯಾ? ಈ ಹೊಸ್ತಿಲ ಒಳಗೆ ಆ ಮಾತು ಬಿತ್ತು ಅಂದ್ರೆ ನಿಶ್ಚಿತಾರ್ಥ ಅಲ್ಲಿಗೇ ಮುರೀತು ಅಂತ ತಿಳ್ಕೋ.”

ದೆಶಾನ ಬಾಯಿ ಮುಚ್ಚಿದ. ಆಮೇಲೆ ನಿಧಾನವಾಗಿ ಅರ್ಥವಾಗಿ, ಬಾಯಿ ತಾನಾಗಿಯೇ ತೆರೆಯಿತು. “ನಿಮಗೆ ಗೊತ್ತಿತ್ತಾ?”

“ಮೊದಲನೇ ದಿನವೇ. ಇಂಥ ಎಷ್ಟು ಮನೆ ನೋಡಿದ್ದೀನಿ ನಾನು. ಆದ್ರೆ ಹೆಣ್ಣು ಕೇಳೋ ಮಾತು ನಡೀತಿರೋವಾಗ, ಹಣ್ಣಿನ ತಟ್ಟೆ ಮುಂದೆ, ‘ನಿಮ್ಮದು ಆ ಮನೆ’ ಅಂತ ಹೇಳೋಕಾಗುತ್ತಾ? ಊರಲ್ಲಿ ಗೊತ್ತಾದ ಮುದುಕಿಯರೆಲ್ಲ ಬಾಯಿಗೆ ಬೀಗ ಹಾಕ್ಕೊಂಡಿರೋದು ಅದಕ್ಕೇ. ಗೊತ್ತಾಗದೋರು ಮಾತ್ರ ಮಾತಾಡ್ತಿದ್ದಾರೆ.”

ಚುನ್ ಅಕ್ಕನ ತೋಫು ದೆಶಾನನ ಕಣ್ಣ ಮುಂದೆ ಬಂದು ಹೋಯಿತು.

“ಆದ್ರೆ ಅಜ್ಜಿ, ಪೆಟ್ಟಿಗೆ! ಅದನ್ನ ಮಂಗಳಕಾರ್ಯಕ್ಕೆ ಹಂಚೋದು...”

“ಕೇಳಿದ್ದೀನಿ,” ಎಂದರು ಅಜ್ಜಿ, ಪಿತೃಗಳ ಪೀಠದ ಕಡೆ ಗದ್ದ ತೋರಿಸಿ. ಅಲ್ಲಿ ಊದುಬತ್ತಿಯ ಮುಂದೆ ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳಿದ್ದವು. “ಆ ಮಾದರಿ ಬಂದ ದಿನವೇ ತುಂಡು ಎಸೆದು ನಮ್ಮ ಯಜಮಾನ್ರನ್ನ ಕೇಳ್ದೆ. ಅಲ್ಲಿ ನಿಮ್ಮ ಪಕ್ಕ ಇರೋ ಲಿಯಾವ್ ಅವರನ್ನ ಕೇಳಿ ಹೇಳಿ, ಅವರ ಮನೆ ಚಿತ್ರ ಮದುವೆ ಪೆಟ್ಟಿಗೆ ಮೇಲೆ ಬರಬಹುದಾ ಅಂತ. ಮೊದಲ ಸಲ ಎರಡು ತುಂಡೂ ಅಂಗಾತ ಬಿತ್ತು.”

ಅಂಗಾತ ಬಿದ್ದರೆ ಹಿರಿಯರು ನಗುತ್ತಿದ್ದಾರೆ ಎಂದು ಅರ್ಥ.

“ನಿಮ್ಮ ತಾತ ನಕ್ಕಿರ್ಬೇಕು. ಎರಡನೇ ಸಲ ಒಂದು ಅಂಗಾತ, ಒಂದು ಬೋರಲು. ಒಪ್ಪಿಗೆ.” ಅಜ್ಜಿ ಅವನ ಮಂಡಿ ತಟ್ಟಿದರು. “ಕಾಲುವೆ ದಡದೋರಿಗೆಲ್ಲ ಆಗ ಒಂದೊಂದೇ ಕೋಣೆ ಇದ್ದದ್ದು ನನಗೆ ಗೊತ್ತು. ಒಂದು ಕೋಣೇಲಿ ಇದ್ಕೊಂಡು ಗಂಡನಿಗೆ ಅಂಥ ಮನೆ ಕಳಿಸ್ತಾಳೆ ಅಂದ್ರೆ ಆ ಹೆಂಗಸು ಎಂಥೋಳು! ಅವಳ ಮರಿಮಗಳು ನಮ್ಮನೆಗೆ ಬರ್ಲಿ. ಆದ್ರೆ ಕೇಳಿಸ್ಕೋ. ಉಂಗುರ ಬೆರಳಿಗೆ ಇಳಿಯೋವರೆಗೂ ನಿನ್ನ ಬಾಯಿಂದ ಒಂದಕ್ಷರ ಹೊರಗೆ ಬರಬಾರದು. ನನ್ನ ಮಗನಿಗೂ ಹೇಳ್ಬೇಡ. ಅವನಿಗೆ ಗೊತ್ತಾದ್ರೆ ಗುಂಪಿಗೆ ಹಾಕ್ತಾನೆ.”

ಸತ್ಯ ಹೇಳಬೇಕೆಂದು ಹೊರಟವನಿಗೆ ಸತ್ಯವನ್ನು ಬಾಯಲ್ಲಿ ಇಟ್ಟುಕೊಂಡು ಒಂದು ವಾರ ಕಳೆಯುವುದು ಬಿಸಿ ಗೆಣಸು ಇಟ್ಟುಕೊಂಡ ಹಾಗೆ. ನಿಶ್ಚಿತಾರ್ಥದ ದಿನ ಬಂದಾಗ ದೆಶಾನ ಎರಡು ಬೆರಳಿನಷ್ಟು ಸೊರಗಿದ್ದ.

ಸಭಾಂಗಣದ ಬಾಗಿಲಲ್ಲಿ ಕೇಕಿನ ಪೆಟ್ಟಿಗೆಗಳು ಗೋಡೆಯಂತೆ ಪೇರಿಸಿದ್ದವು. ಅಷ್ಟೂ ಪೆಟ್ಟಿಗೆಗಳಲ್ಲಿ ಅಷ್ಟೂ ಬೆಕ್ಕುಗಳು ದೆಶಾನನನ್ನು ದಿ‌ಟ್ಟಿಸುತ್ತಿದ್ದವು. ಪೇಯಿಂಗ್ ವಾಡಿಕೆಯಂತೆ ಎತ್ತರದ ಕುರ್ಚಿಯ ಮೇಲೆ, ಕಾಲು ಮಣೆಯ ಮೇಲಿಟ್ಟು, ಬಾಗಿಲಿಗೆ ಮುಖಮಾಡಿ ಕೂತಿದ್ದಳು. ಅವನು ಹತ್ತಿರ ಬಂದಾಗ ಪಿಸುಗುಟ್ಟಿದಳು.

“ಅಪ್ಪ, ಒಂದು ವಾರದಿಂದ ನೀನು ನನ್ನ ಮುಖ ನೋಡ್ತಿಲ್ಲ. ಆ ಮನೆ ನಿಜ ತಾನೇ?”

“ಮನೆ ನಿಜ. ತಾತಂದೇ. ಮಿಕ್ಕಿದ್ದು ಉಂಗುರ ಆದ ಮೇಲೆ.”

“ಅಪ್ಪ!”

“ಸುಳ್ಳುಗಾರ ಅಲ್ಲ ಮಗಳೇ ನಾನು. ದಡ್ಡ. ಎರಡಕ್ಕೂ ವ್ಯತ್ಯಾಸ ಇದೆ. ಕೂತಿರು.”

ಅವಳು ಎದ್ದುಬಿಡುತ್ತಾಳೋ ಎಂದು ಅವನ ಜೀವ ಬಾಯಿಗೆ ಬಂತು. ಅವಳು ಅವನ ಮುಖವನ್ನೇ ನೋಡಿದಳು. ಮಣೆಯಿಂದ ಒಂದು ಕಾಲು ಇಳಿಸಿದಳು. ಆಮೇಲೆ ಏನು ಕಂಡಳೋ, ಕಾಲನ್ನು ಮತ್ತೆ ಮಣೆಯ ಮೇಲಿಟ್ಟಳು.

ಅಷ್ಟರಲ್ಲಿ ತು ಮೈಕು ಹಿಡಿದಿದ್ದ. “ಬಂಧುಗಳೇ, ಉಂಗುರಕ್ಕೆ ಮುಂಚೆ ಲಿಯಾವ್ ಮಹಡಿಮನೆಯ ಬಗ್ಗೆ ಎರಡು ಮಾತು...”

“ಮೊದಲು ಉಂಗುರ,” ಎಂದರು ಕಾವ್ ಅಜ್ಜಿ.

“ಒಂದೇ ನಿಮಿಷ ಅಜ್ಜಿ. ಆ ಭವ್ಯ ಮನೆ ನಿಂತಿದ್ದ ಜಾಗದಲ್ಲಿ...”

“ಉಂಗುರ!” ಎಂದಳು ಹಿಂದಿನ ಸಾಲಿನಿಂದ ಚುನ್ ಅಕ್ಕ.

“ಉಂಗುರ, ಉಂಗುರ!” ಎಂದು ಐದಾರು ಮುದುಕಿಯರ ದನಿ ಒಟ್ಟಿಗೆ ಎದ್ದಿತು. ಜನ ಇಷ್ಟು ಉತ್ಸಾಹದಿಂದ ನಿಶ್ಚಿತಾರ್ಥ ನೋಡುವುದನ್ನು ತು ಎಂದೂ ಕಂಡಿರಲಿಲ್ಲ. ಮೈಕು ಇಳಿಸಿದ.

ಹಾವ್‌ಯೂನ ತಾಯಿ ಉಂಗುರ ತೊಡಿಸಲು ಬಂದರು. ಅತ್ತೆಮನೆಯಲ್ಲಿ ಪೂರ್ತಿ ಬಗ್ಗಿ ನಡೆಯಬಾರದು ಎಂದು ಹೆಣ್ಣು ಬೆರಳು ತುಸು ಮಡಿಸಿ ಉಂಗುರವನ್ನು ತಡೆಯುವುದು ವಾಡಿಕೆ. ಪೇಯಿಂಗ್ ಮಡಿಸಿದಳು. ದೆಶಾನ ಸದ್ದಿಲ್ಲದೆ ಎಲ್ಲಾ ದೇವರನ್ನೂ ಬೇಡಿಕೊಂಡ. ಇವತ್ತೊಂದು ದಿನ ಹಟ ಬೇಡ ಮಗಳೇ. ಉಂಗುರ ನಡುಗಿ, ಗಿಣ್ಣು ದಾಟಿ, ಇಳಿಯಿತು.

ಕಾವ್ ಅಜ್ಜಿ ಉಸಿರು ಬಿಟ್ಟು ಒರಗಿ ಕೂತರು. “ಆಯ್ತು. ಇನ್ನು ಯಾರು ಏನು ಬೇಕಾದ್ರೂ ಮಾತಾಡ್ಲಿ.”

ತು ಮೈಕು ಎತ್ತಿದ. “ಬಂಧುಗಳೇ, ಆ ಮಹಡಿಮನೆ ಇವತ್ತು ಉಳಿದಿಲ್ಲ. ಆದರೆ...”

“ಉಳಿದಿದೆ,” ಎಂದ ದೆಶಾನ.

ಸಭೆ ತಿರುಗಿತು. ಮೇಷ್ಟ್ರು ಅರ್ಧ ಎದ್ದರು. “ಉಳಿದಿದೆಯಾ? ಎಲ್ಲಿ ಬೀಗರೇ? ಹಾಗಾದ್ರೆ ನಕ್ಷೆ ತಪ್ಪಾ?”

“ನಕ್ಷೆಗೆ ಸಿಗಲ್ಲ ಬೀಗರೇ. ತಾತ ಅಲ್ಲೇ ಇದ್ದಾರೆ.”

“ನಿಮ್ಮ ತಾತ ತೀರ್ಕೊಂಡು ಎಷ್ಟೋ ಕಾಲ ಆಯ್ತಲ್ಲ?”

“ತೀರ್ಕೊಂಡ ಮೇಲೇ ಅಲ್ಲಿಗೆ ಹೋಗಿದ್ದು. ನಮ್ಮಜ್ಜಿ ಬಲೆ ಹೆಣೆದು ಕಟ್ಟಿಸಿಕೊಟ್ಟದ್ದು. ಬದುಕಿದ್ದಾಗ ಅವರಿಗೆ ಮನೆ ಇರಲಿಲ್ಲ.” ದೆಶಾನ ಇದನ್ನು ಹೇಳಿದ್ದು ಸಭೆಗಲ್ಲ, ಎತ್ತರದ ಕುರ್ಚಿಯ ಕಡೆಗೆ. “ಮೂಟೆ ಹೊರ್ತಿದ್ರು ಮಗಳೇ.”

ಸೂಜಿ ಬಿದ್ದರೆ ಕೇಳುವಂತಿತ್ತು. ಬಿದ್ದದ್ದು ಚುನ್ ಅಕ್ಕನ ನಗು. ಒಂದು ತಿಂಗಳು ತಡೆದಿಟ್ಟ ನಗು, ಅಣೆಕಟ್ಟು ಒಡೆದ ಹಾಗೆ. ಅದರ ಹಿಂದೆ ಒಬ್ಬೊಬ್ಬರೇ ಮುದುಕಿಯರು. ತನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದ ಪ್ರತಿಯೊಬ್ಬಳೂ ಪಕ್ಕದವಳನ್ನು ತಿವಿದು, “ನಿಂಗೂ ಗೊತ್ತಿತ್ತೇನೇ?” ಎಂದು ಕೇಳುತ್ತಾ ಕಣ್ಣೀರೊರೆಸಿಕೊಂಡಳು. ಮೇಷ್ಟ್ರು ಒಂದು ಪೆಟ್ಟಿಗೆ ತೆಗೆದು ಹತ್ತಿರ ಹಿಡಿದರು, ದೂರ ಹಿಡಿದರು.

“ಹಾಗಾದ್ರೆ ಸಿಂಹ?” ಎಂದರು ಸಣ್ಣ ದನಿಯಲ್ಲಿ.

“ಬೆಕ್ಕು.”

ಎಲ್ಲರೂ ಹಜಾಮ ಲೈಯನ್ನು ನೋಡಿದರು. ಅವನು ಬಹಳ ಗಮನವಿಟ್ಟು ಚಹಾ ಕುಡಿಯುತ್ತಿದ್ದ.

ಪೇಯಿಂಗ್ ಕೈ ಚಾಚಿ, “ನನಗೊಂದು ಪೆಟ್ಟಿಗೆ ಕೊಡು,” ಎಂದು ಹಾವ್‌ಯೂನನ್ನು ಕೇಳಿದಳು. ಉಂಗುರದ ಬೆರಳಿನಿಂದ ಆ ಪುಟ್ಟ ಮಹಡಿ, ಕಟಾಂಜನ, ಮಾಡು ಎಲ್ಲವನ್ನೂ ಸವರಿದಳು. “ಮುತ್ತಜ್ಜಿ ಕೆಲಸ ನಿಜವಾಗ್ಲೂ ಚೆನ್ನಾಗಿದೆ ಅಪ್ಪ,” ಎಂದಳು. ಅವಳ ಕಾಲು ಮಣೆಯ ಮೇಲೆ ಗಟ್ಟಿಯಾಗಿ ಊರಿತ್ತು. ಯೂಜು ದೆಶಾನನ ಪಕ್ಕೆಗೆ ತಿವಿದಳು. ಈ ಸಲ ಗುರಿ ತಪ್ಪಲಿಲ್ಲ, ಮತ್ತು ನೋವೂ ಆಗಲಿಲ್ಲ.

ಇಷ್ಟೆಲ್ಲ ನಗುವಿನ ನಡುವೆ ತು ಒಬ್ಬನೇ ಮೈಕು ಹಿಡಿದು ನಿಂತಿದ್ದ. ಪಾಪ, ಅವನ ಕಷ್ಟ ಅವನಿಗೆ. “ಅಲ್ಲ, ಫಲಕ ಆಗಲೇ ಕೆತ್ತಿಸಿ ಆಗಿದೆ,” ಎಂದ. “ಅದನ್ನೇನು ಮಾಡ್ಲಿ?”

“ಸುಟ್ಟು ಕಳಿಸಪ್ಪ,” ಎಂದರು ಕಾವ್ ಅಜ್ಜಿ. “ವಿಳಾಸ ಗೊತ್ತಾಯ್ತಲ್ಲ.”

“ಗ್ರಾನೈಟು ಸುಡಲ್ಲ ಅಜ್ಜಿ.”

“ಹಾಗಾದ್ರೆ ಕಾಗದದಲ್ಲಿ ಮಾಡ್ಸು. ನಿನ್ನ ಹೆಸರು ಮಾತ್ರ ಸಣ್ಣಕ್ಷರದಲ್ಲಿ ಬರೆಸು. ಅಲ್ಲಿ ನಿನಗೆ ಯಾರೂ ಓಟು ಹಾಕಲ್ಲ.”